ಫಿನ್ಲೆಂಡಿನ ಪುಕ್ಕೊ ಚಾಕುವನ್ನು ಕೈಯಾರೆ ಮಾಡುವ ಬಗೆ

ಉತ್ತರ ಯುರೋಪಿನ ಕಾಡುನಾಡುಗಳಲ್ಲಿ ಚಾಕು ಎಂದರೆ ಮೊದಲಿಗೆ ಮರಗೆಲಸದ ಸಾಧನ. ಸ್ವೀಡನ್ನಿನ ಮೋರಾ ಪಟ್ಟಣದ ಬಳಿಯ ಊಸ್ಟ್‌ನೋರ್‌ನಲ್ಲಿ 1891ರಲ್ಲಿ ಆರಂಭವಾದ ಕಾರ್ಖಾನೆಯ ಚಾಕು, ನಾರ್ವೆಯ ಹೋಲ್ಮೆಡಾಲ್‌ನಲ್ಲಿ 1932ರಿಂದ ತಯಾರಾಗುತ್ತಿರುವ ಹೆಲ್ಲೆ ಚಾಕು, ಹಿಮಸಾರಂಗ ಸಾಕುವ ಸಾಮಿ ಜನರ ಉದ್ದಲಗಿನ ಲೆಯುಕು, ಫಿನ್ಲೆಂಡಿನ ರೈತರ ಸೊಂಟದಲ್ಲಿ ತೂಗುತ್ತಿದ್ದ ಪುಕ್ಕೊ, ಇವೆಲ್ಲ ಒಂದೇ ಬಗೆಯ ಬದುಕಿಗಾಗಿ ರೂಪುಗೊಂಡವು. ಭೂಗೋಳದ ಲೆಕ್ಕದಲ್ಲಿ ಫಿನ್ಲೆಂಡ್ ಸ್ಕ್ಯಾಂಡಿನೇವಿಯಾಕ್ಕೆ ಸೇರದಿದ್ದರೂ ಚಾಕು ಮಾಡುವವರು ಈ ನಾಲ್ಕನ್ನೂ ಒಟ್ಟಿಗೇ ಇಟ್ಟು ನೋಡುತ್ತಾರೆ. ಅದಕ್ಕೆ ಕಾರಣಗಳಿವೆ: ಇವುಗಳಲ್ಲಿ ಸಾಮಾನ್ಯವಾಗಿ ಬೆರಳನ್ನು ತಡೆಯುವ ಅಡ್ಡಪಟ್ಟಿ ಇರುವುದಿಲ್ಲ, ಅಲಗಿನ ಬಾಲವು ಹಿಡಿಯೊಳಗೆ ಅಡಗಿರುತ್ತದೆ, ಮತ್ತು ಅಲಗಿನ ಎರಡೂ ಬದಿಯಲ್ಲಿ ಬಾಯಿಯವರೆಗೆ ಒಂದೇ ಚಪ್ಪಟೆ ಓರೆ ಇಳಿದಿರುತ್ತದೆ.

ಈ ಓರೆಯೇ ಪುಕ್ಕೊವಿನ ಜೀವ. ಮರದ ಮೇಲೆ ಅಲಗನ್ನು ಮಲಗಿಸಿದಾಗ ಓರೆಯು ಕೀಸುಳಿಯ ತಳದಂತೆ ಮರಕ್ಕೆ ಒತ್ತಿಕೊಂಡು ಕೂತು, ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನು ತಾನೇ ನಿರ್ಧರಿಸುತ್ತದೆ. ಓರೆ ಸ್ವಲ್ಪ ಉಬ್ಬಿದ್ದರೂ ಚಾಕು ಮರದಿಂದ ಜಾರಿ ಹೊರಬರುತ್ತದೆ, ತಗ್ಗಿದ್ದರೆ ಒಳಗೆ ಕಚ್ಚಿಕೊಳ್ಳುತ್ತದೆ. ಹೊಸದಾಗಿ ಚಾಕು ಮಾಡುವವರು ಹಿಡಿಯ ಅಲಂಕಾರಕ್ಕೆ, ಹಿತ್ತಾಳೆಯ ಹೊಳಪಿಗೆ ಮನಸೋಲುವುದು ಸಹಜ. ಆದರೆ ಮೊದಲ ಚಾಕುವಿನಲ್ಲಿ ಅಲಂಕಾರವನ್ನು ಪೂರ್ತಿ ಬಿಟ್ಟು, ಓರೆಯ ಚಪ್ಪಟೆತನಕ್ಕೂ ಬಾಲವು ಹಿಡಿಯನ್ನು ಸೇರುವ ಜಾಗಕ್ಕೂ ಸಮಯವನ್ನೆಲ್ಲ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕೆಳಗಿನ ವಿವರಣೆಯನ್ನು ಅದೇ ದೃಷ್ಟಿಯಿಂದ ಬರೆದಿದ್ದೇನೆ.

ಅಳತೆ ಮತ್ತು ಆಕಾರ

ಫಿನ್ಲೆಂಡಿನಲ್ಲಿ ಪ್ರಾಂತ್ಯಕ್ಕೊಂದು ಬಗೆಯ ಪುಕ್ಕೊ ಇದೆ. ದಕ್ಷಿಣ ಆಸ್ಟ್ರೊಬೋತ್ನಿಯಾದ ಕೌಹವಾ ಊರಿನ ಈಸಾಕ್ಕಿ ಯಾರ್ವೆನ್‌ಪಾ 1879ರಲ್ಲಿ ಆರಂಭಿಸಿದ ಕಾರ್ಯಾಗಾರವು ಹಿಡಿಯ ತುದಿಗೆ ಹಿತ್ತಾಳೆಯ ಕುದುರೆತಲೆ ಕೂರಿಸಿದ ಚಾಕುವಿಗೆ ಹೆಸರಾಯಿತು. ಕೈನೂ ಪ್ರಾಂತ್ಯದ ಹೈರಿನ್‌ಸಾಲ್ಮಿಯ ಕಮ್ಮಾರ ಕಲ್ಲೆ ಕೆರಾನೆನ್ ರೂಪಿಸಿದ ಟೊಮ್ಮಿ ಪುಕ್ಕೊವಿನ ಅಲಗಿನ ಅಡ್ಡಕೊಯ್ತ ವಜ್ರಾಕೃತಿಯದು. ಅಂದರೆ ಅಲಗು ನಡುವೆ ಅತ್ಯಂತ ದಪ್ಪವಿದ್ದು, ಬೆನ್ನಿನ ಕಡೆಗೂ ಬಾಯಿಯ ಕಡೆಗೂ ತೆಳುವಾಗುತ್ತದೆ. ಕಲಿಯುವವರಿಗೆ ಇವೆರಡೂ ಕಷ್ಟ. ಚಪ್ಪಟೆ ಬದಿಯ, ನೇರ ಬೆನ್ನಿನ, ಸಾದಾ ಹಿಡಿಯ ಪುಕ್ಕೊದಿಂದಲೇ ಆರಂಭಿಸುವುದು ಸರಿ.

ಅಲಗಿನ ಉದ್ದ 85ರಿಂದ 95 ಮಿಲಿಮೀಟರ್, ಅಗಲ 20ರಿಂದ 22, ಬೆನ್ನಿನ ದಪ್ಪ 3 ಮಿಲಿಮೀಟರ್ ಇರಲಿ. ಹಿಡಿಯು ಅಲಗಿಗಿಂತ ತುಸು ಉದ್ದವಾಗಿ, 105ರಿಂದ 110 ಮಿಲಿಮೀಟರ್ ಇದ್ದರೆ ಕೈಗೆ ಹಿತ. ಬಾಲವು ಅಲಗಿನ ಬುಡದಲ್ಲಿ 10 ಮಿಲಿಮೀಟರ್ ಅಗಲವಿದ್ದು, ತುದಿಗೆ ಹೋಗುವಾಗ 5ಕ್ಕೆ ಸಪೂರವಾಗಬೇಕು, ಮತ್ತು ಹಿಡಿಯನ್ನು ಹಾದು ಆಚೆ ಬದಿಯಿಂದ ಕನಿಷ್ಠ 5 ಮಿಲಿಮೀಟರ್ ಹೊರಬರುವಷ್ಟು ಉದ್ದವಿರಬೇಕು.

ಓರೆ ಎಷ್ಟು ಎತ್ತರಕ್ಕೆ ಏರಬೇಕೆಂಬುದನ್ನು ಕಣ್ಣಳತೆಗೆ ಬಿಡಬಾರದು. ಎರಡೂ ಬದಿ ಸೇರಿ ಒಟ್ಟು ಕೋನ 20ರಿಂದ 25 ಡಿಗ್ರಿಯ ನಡುವೆ ಇರುವುದು ಮರಗೆಲಸಕ್ಕೆ ಸೂಕ್ತ. 22 ಡಿಗ್ರಿ ಎಂದು ಇಟ್ಟುಕೊಂಡರೆ ಒಂದು ಬದಿಗೆ 11 ಡಿಗ್ರಿ ಬರುತ್ತದೆ. 3 ಮಿಲಿಮೀಟರ್ ದಪ್ಪದ ಅಲಗಿನಲ್ಲಿ ಅರ್ಧದಪ್ಪವಾದ 1.5ನ್ನು 11 ಡಿಗ್ರಿಯ ಟ್ಯಾಂಜೆಂಟ್ ಆದ 0.194ರಿಂದ ಭಾಗಿಸಿದರೆ ಓರೆಯ ಎತ್ತರ ಸುಮಾರು 7.7 ಮಿಲಿಮೀಟರ್ ಆಗುತ್ತದೆ. ಅಲಗು 4 ಮಿಲಿಮೀಟರ್ ದಪ್ಪವಿದ್ದರೆ ಅದೇ ಕೋನಕ್ಕೆ 10.3 ಮಿಲಿಮೀಟರ್ ಬೇಕು. ಈ ಲೆಕ್ಕವನ್ನು ಮೊದಲೇ ಮಾಡಿ, ಅಲಗಿನ ಎರಡೂ ಬದಿಗೆ ಗೀಚುಕಡ್ಡಿಯಿಂದ ಗೆರೆ ಎಳೆದುಕೊಂಡರೆ ಅರ ಹಿಡಿಯುವ ಕೈಗೆ ಗುರಿಯೊಂದು ಸಿಗುತ್ತದೆ.

ಉಕ್ಕಿನ ಆಯ್ಕೆ

ಇಂದು ಫಿನ್ಲೆಂಡಿನ ಕಮ್ಮಾರರು ಹೆಚ್ಚಾಗಿ ಬಳಸುವ ಉಕ್ಕುಗಳಲ್ಲಿ 80ಸಿಆರ್‌ವಿ2 ಒಂದು. ಇದರಲ್ಲಿ ಸುಮಾರು 0.8 ಶೇಕಡಾ ಕಾರ್ಬನ್, ಅಲ್ಪ ಪ್ರಮಾಣದ ಕ್ರೋಮಿಯಂ ಮತ್ತು ವನೇಡಿಯಂ ಇವೆ. ಕುಲುಮೆಯ ಸಣ್ಣಪುಟ್ಟ ಏರುಪೇರನ್ನು ಇದು ತಾಳಿಕೊಳ್ಳುತ್ತದೆ, ಬಾಯಿಯೂ ಹೆಚ್ಚು ಹೊತ್ತು ಹರಿತವಾಗಿ ನಿಲ್ಲುತ್ತದೆ. ಸಿಗುವಂತಿದ್ದರೆ ಇದನ್ನೇ ತರಿಸಿಕೊಳ್ಳಿ. ನಮ್ಮ ಕೈಗಾರಿಕಾ ಪ್ರದೇಶಗಳ ಉಕ್ಕಿನ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವುದು ಬೇರಿಂಗ್ ಉಕ್ಕಾದ ಇಎನ್ 31 ಮತ್ತು ಲಾರಿಯ ಪಟ್ಟಿ ಸ್ಪ್ರಿಂಗಿನ ಇಎನ್ 45. ಮೊದಲನೆಯದು ಬಹಳ ಒಳ್ಳೆಯ ಬಾಯಿ ಕೊಡುತ್ತದೆ, ಆದರೆ ನಿಗದಿತ ಶಾಖದಲ್ಲಿ ಕೆಲವು ನಿಮಿಷ ಬಿಡದೆ ಇಟ್ಟರೆ ಮಾತ್ರ. ಹಾಗಾಗಿ ಅದಕ್ಕೆ ಶಾಖ ನಿಯಂತ್ರಣವಿರುವ ವಿದ್ಯುತ್ ಕುಲುಮೆ ಬೇಕು. ಎರಡನೆಯದು ಗಟ್ಟಿಮುಟ್ಟು, ಆದರೆ ಕಾರ್ಬನ್ ಕಡಿಮೆಯಿರುವುದರಿಂದ ಬಾಯಿ ಬೇಗ ಮೊಂಡಾಗುತ್ತದೆ. ಗುಜರಿಯ ಸ್ಪ್ರಿಂಗಿನಲ್ಲಿ ವರ್ಷಗಟ್ಟಲೆ ಬಾಗಿ ಬಾಗಿ ಹುಟ್ಟಿದ ಕೂದಲೆಳೆಯ ಬಿರುಕುಗಳಿರಬಹುದು. ಅವು ಎಣ್ಣೆಯಲ್ಲಿ ತಣಿಸುವ ಗಳಿಗೆಯಲ್ಲಿ ಬಾಯಿಬಿಟ್ಟು ಅಷ್ಟೂ ದಿನದ ಅರಗೆಲಸವನ್ನು ಹಾಳುಮಾಡುತ್ತವೆ. ಆದ್ದರಿಂದ ಹೊಸ ಪಟ್ಟಿಯನ್ನೇ ಕೊಳ್ಳಿ.

ಕತ್ತರಿಸುವುದು, ಅರ ಹಾಕುವುದು

ಸಾಂಪ್ರದಾಯಿಕ ಪುಕ್ಕೊವನ್ನು ಕಾಸಿ ಬಡಿದೇ ರೂಪಿಸುತ್ತಾರೆ. ಅಡಿಗಲ್ಲು, ಸುತ್ತಿಗೆಗಳ ಅಭ್ಯಾಸ ಇಲ್ಲದವರು ಪಟ್ಟಿಯಿಂದ ಕತ್ತರಿಸಿ, ಅರದಿಂದ ಕೆತ್ತಿ ಮಾಡಿದರೂ ಕೆಲಸದಲ್ಲಿ ಏನೂ ಕಡಿಮೆಯಾಗುವುದಿಲ್ಲ. ದಪ್ಪ ಕಾಗದದಲ್ಲಿ ಅಚ್ಚು ಕತ್ತರಿಸಿ, ಉಕ್ಕಿನ ಮೇಲೆ ಗೀಚಿ, ಹ್ಯಾಕ್ಸಾದಿಂದ ಗೆರೆಯ ಹೊರಗೆ ಕೊಯ್ದು, ಉಳಿದದ್ದನ್ನು ಅರದಿಂದ ಗೆರೆಯವರೆಗೆ ತನ್ನಿ. ಅರ ಜಾರುತ್ತಿದ್ದರೆ ಉಕ್ಕು ಈಗಾಗಲೇ ಗಟ್ಟಿಯಾಗಿದೆ ಎಂದರ್ಥ. ಅದನ್ನು ಕೆಂಪಗೆ ಕಾಸಿ, ಒಣ ಬೂದಿಯ ರಾಶಿಯಲ್ಲಿ ರಾತ್ರಿಯಿಡೀ ಹೂತಿಟ್ಟು ಮೆತ್ತಗಾಗಿಸಬೇಕು.

ಬಾಲ ಮತ್ತು ಅಲಗು ಸೇರುವ ಮೂಲೆಯಲ್ಲಿ ಹೆಚ್ಚಿನ ಎಚ್ಚರ ಬೇಕು. ಆ ಒಳಮೂಲೆಯನ್ನು ಚೌಕ ಅರದಿಂದ ಚೂಪಾಗಿ ಕಡಿದರೆ ಒತ್ತಡವೆಲ್ಲ ಅಲ್ಲಿಗೇ ಸೇರಿಕೊಂಡು, ತಣಿಸುವಾಗಲೋ ಮುಂದೆ ಕೆಲಸ ಮಾಡುವಾಗಲೋ ಚಾಕು ಅಲ್ಲಿಯೇ ಮುರಿಯುತ್ತದೆ. ಸಣ್ಣ ದುಂಡು ಅರದಿಂದ 1.5ರಿಂದ 2 ಮಿಲಿಮೀಟರ್ ತ್ರಿಜ್ಯದ ದುಂಡಗಿನ ತಿರುವನ್ನು ಬಿಡಿ. ಆದರೆ ಹಿತ್ತಾಳೆಯ ತಟ್ಟೆ ಒರಗಿ ನಿಲ್ಲುವ ಭುಜಗಳು ಎರಡೂ ಕಡೆ ಒಂದೇ ನೇರಕ್ಕೆ ಇರಬೇಕು. ಗಟ್ಟಿ ಉಕ್ಕಿನ ಎರಡು ತುಂಡುಗಳ ನಡುವೆ ಅಲಗನ್ನು ಬಿಗಿದು, ಆ ತುಂಡುಗಳ ಅಂಚಿನ ಮಟ್ಟಕ್ಕೆ ಭುಜಗಳನ್ನು ಅರ ಹಾಕಿದರೆ ಈ ಸಮತೆ ತಾನಾಗಿ ಬರುತ್ತದೆ.

ಇನ್ನು ಓರೆ. ಅಲಗಿನ ಬಾಯಿಯ ಅಂಚಿಗೆ ನೀಲಿ ಮಾರ್ಕರ್ ಬಳಿದು, ನಡುವೆ 0.6 ಮಿಲಿಮೀಟರ್ ಅಂತರ ಉಳಿಯುವಂತೆ ಎರಡು ಸಮಾನಾಂತರ ಗೆರೆಗಳನ್ನು ಎಳೆಯಿರಿ. ಮರದ ಹಲಗೆಯೊಂದಕ್ಕೆ ಅಲಗನ್ನು ಚಪ್ಪಟೆಯಾಗಿ ಬಿಗಿದು, ಹಲಗೆಯನ್ನು ವೈಸ್‌ಗೆ ಸಿಕ್ಕಿಸಿ. ಮೊದಲು ಬಾಯಿಯ ಗೆರೆಯಿಂದ 45 ಡಿಗ್ರಿಯಷ್ಟು ಕಡಿದಾಗಿ ಅರ ಹಾಕಿ, ಆಮೇಲೆ ಕೋನವನ್ನು ಸ್ವಲ್ಪ ಸ್ವಲ್ಪವೇ ಮಲಗಿಸುತ್ತ ಬದಿಯ ಗೆರೆಯ ಕಡೆಗೆ ಬನ್ನಿ. ಗೆರೆಗೆ 1 ಮಿಲಿಮೀಟರ್ ಇರುವಾಗ ಅರವನ್ನು ಅಡ್ಡಲಾಗಿ ಎರಡೂ ಕೈಯಲ್ಲಿ ಹಿಡಿದು, ಅಲಗಿನ ಉದ್ದಕ್ಕೆ ಎಳೆಯುವ ಕ್ರಮಕ್ಕೆ ಬದಲಾಯಿಸಬೇಕು. ಹೀಗೆ ಎಳೆದಾಗ ಅರದ ಗೀರುಗಳು ಅಲಗಿನ ಉದ್ದಕ್ಕೇ ಬಿದ್ದು, ಮೇಲ್ಮೈ ಕನ್ನಡಿಯಂತಲ್ಲದಿದ್ದರೂ ಸಮತಟ್ಟಾಗುತ್ತದೆ. ನಡುನಡುವೆ ಓರೆಯನ್ನೆಲ್ಲ ಮಾರ್ಕರ್‌ನಿಂದ ಬಣ್ಣಗಟ್ಟಿಸಿ, ಒಂದೆರಡು ಸಲ ಅರ ಎಳೆದು ನೋಡಿ: ಬಣ್ಣ ಮಧ್ಯದಲ್ಲಿ ಮಾತ್ರ ಹೋಗಿದ್ದರೆ ಓರೆ ಉಬ್ಬಿದೆ, ಅಂಚುಗಳಲ್ಲಿ ಮಾತ್ರ ಹೋಗಿದ್ದರೆ ತಗ್ಗಿದೆ. ಮೊನೆಯ ಬಳಿ ಅಲಗು ಬಾಗುವಲ್ಲಿ ಓರೆಯ ಅಗಲ ತುಸು ಹೆಚ್ಚುವುದು ಸಹಜ, ಅದನ್ನು ಬಲವಂತವಾಗಿ ಸರಿಪಡಿಸಲು ಹೋಗಬೇಡಿ. ಬಾಯಿಯಲ್ಲಿ ಆ 0.6 ಮಿಲಿಮೀಟರ್ ದಪ್ಪವನ್ನು ಹಾಗೆಯೇ ಉಳಿಸಿ. ಅದಕ್ಕಿಂತ ತೆಳುವಾಗಿಸಿ ಕಾಸಿದರೆ ಬಾಯಿ ಅಲೆಅಲೆಯಾಗಿ ಸೊಟ್ಟಗಾಗುತ್ತದೆ, ಅಂಚಿನ ಕಾರ್ಬನ್ನೂ ಸುಟ್ಟುಹೋಗುತ್ತದೆ.

ಕಾಸುವುದು ಮತ್ತು ಹದ ಹಾಕುವುದು

ಕುಲುಮೆ ಇದ್ದಿಲಿನದಾಗಲಿ ಗ್ಯಾಸಿನದಾಗಲಿ, ಕೋಣೆಯಲ್ಲಿ ಬೆಳಕು ಮಂದವಾಗಿರಬೇಕು ಮತ್ತು ಗಾಳಿಯಾಡುವಂತಿರಬೇಕು. ಬಿಸಿಲಿನಲ್ಲಿ ಉಕ್ಕಿನ ಬಣ್ಣ ಕಣ್ಣಿಗೆ ಮೋಸಮಾಡುತ್ತದೆ. ಸತು ಲೇಪಿಸಿದ ತಂತಿ, ಕೊಳವೆಗಳನ್ನು ಬೆಂಕಿಯ ಹತ್ತಿರ ತರಲೇಬಾರದು, ಅವುಗಳ ಹೊಗೆ ವಿಷ.

ಮೊದಲು ಉಕ್ಕಿನ ಒಳಗಿನ ಕಣಗಳನ್ನು ಸಮಗೊಳಿಸಲು ಅಲಗನ್ನು ಮೂರು ಸಲ ಕಾಸಿ, ಪ್ರತಿ ಸಲವೂ ಹಿಂದಿನದಕ್ಕಿಂತ ತುಸು ಕಡಿಮೆ ಶಾಖಕ್ಕೆ ಏರಿಸಿ, ನಿಶ್ಚಲ ಗಾಳಿಯಲ್ಲಿ ಕಪ್ಪಾಗುವವರೆಗೆ ಆರಲು ಬಿಡಿ. ಆಮೇಲಿನದು ತಣಿಸುವ ಕಾವು. ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕಿಗೆ ಅಯಸ್ಕಾಂತ ಅಂಟುವುದು ನಿಲ್ಲುತ್ತದೆ. 80ಸಿಆರ್‌ವಿ2 ಉಕ್ಕಿಗೆ ಬೇಕಾದದ್ದು 830ರಿಂದ 850 ಡಿಗ್ರಿ, ಅಂದರೆ ಅಯಸ್ಕಾಂತ ಬಿಟ್ಟ ಮೇಲೂ ಬಣ್ಣ ಒಂದು ಛಾಯೆ ಹೆಚ್ಚು ಬೆಳಗಬೇಕು. ಇಎನ್ 45ಕ್ಕೆ ಇನ್ನೂ ಸ್ವಲ್ಪ ಹೆಚ್ಚು ಕಾವು ಬೇಕಾಗುತ್ತದೆ. ಮೊನೆ ತೆಳುವಾಗಿರುವುದರಿಂದ ಬೇಗ ಕಾಯುತ್ತದೆ, ಆದ್ದರಿಂದ ಅಲಗನ್ನು ಬೆಂಕಿಯಲ್ಲಿ ಹಿಂದೆಮುಂದೆ ಆಡಿಸುತ್ತ ಬಾಯಿಯುದ್ದಕ್ಕೂ ಒಂದೇ ಬಣ್ಣ ತಂದುಕೊಳ್ಳಿ. ಬಾಲವನ್ನು ಕಾಸುವ ಅಗತ್ಯವಿಲ್ಲ, ಅದು ಮೆತ್ತಗೇ ಇರಬೇಕು.

ತಣಿಸಲು ಸೂರ್ಯಕಾಂತಿ ಎಣ್ಣೆಯೋ ಕಡಲೆಕಾಯಿ ಎಣ್ಣೆಯೋ ಸಾಕು. ಅದನ್ನು 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಿ, ಆಳವಾದ ಲೋಹದ ಡಬ್ಬಿಯಲ್ಲಿಟ್ಟು, ಡಬ್ಬಿಗೆ ಸರಿಯಾಗಿ ಕೂರುವ ಲೋಹದ ಮುಚ್ಚಳವನ್ನು ಕೈಗೆಟಕುವಲ್ಲಿ ಇಟ್ಟುಕೊಳ್ಳಿ. ಎಣ್ಣೆಯ ಮೇಲೆ ಜ್ವಾಲೆ ಎದ್ದರೆ ಮುಚ್ಚಳ ಹಾಕಬೇಕು, ನೀರನ್ನು ಎಂದೂ ಸುರಿಯಬಾರದು. ಅಲಗನ್ನು ಮೊನೆ ಕೆಳಗಾಗಿ, ನೆಟ್ಟಗೆ, ತಡವರಿಸದೆ ಇಳಿಸಿ. ಒಳಗೆ ಆಡಿಸುವುದಾದರೆ ಮೇಲಕ್ಕೂ ಕೆಳಕ್ಕೂ ಆಡಿಸಿ, ಪಕ್ಕಕ್ಕೆ ಆಡಿಸಿದರೆ ಅಲಗು ಬಾಗುತ್ತದೆ. ಹೊರತೆಗೆದ ಮೇಲೆ ಹಳೆಯ ಅರವೊಂದನ್ನು ಬಾಯಿಯ ಮೇಲೆ ಮೆಲ್ಲಗೆ ಎಳೆದಾಗ ಅದು ಗಾಜಿನ ಮೇಲಿನಂತೆ ಜಾರಿದರೆ ಉಕ್ಕು ಗಡುಸಾಗಿದೆ. ಕಚ್ಚಿದರೆ ಕಾವು ಸಾಲಲಿಲ್ಲ, ಮತ್ತೆ ಕಾಸಬೇಕು.

ಈ ಸ್ಥಿತಿಯ ಅಲಗು ಕೈಜಾರಿ ನೆಲಕ್ಕೆ ಬಿದ್ದರೂ ಒಡೆದುಹೋಗುವಷ್ಟು ಪೆಡಸು. ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದ ಕೂಡಲೇ, ಮರುದಿನಕ್ಕೆ ಮುಂದೂಡದೆ, ಮನೆಯ ಓವನ್ನಿನಲ್ಲಿ 200 ಡಿಗ್ರಿಯಲ್ಲಿ 2 ಗಂಟೆಯಂತೆ ಎರಡು ಸಲ ಹದ ಹಾಕಿ, ನಡುವೆ ಪೂರ್ತಿ ಆರಲು ಬಿಡಿ. ಓವನ್ನಿನ ಗುಂಡಿಯ ಮೇಲಿನ ಅಂಕಿಯನ್ನು ನಂಬದೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿಕೊಳ್ಳಿ. ಮೊದಲೇ ಉಜ್ಜಿ ಬಿಳುಪಾಗಿಸಿದ್ದ ಅಲಗು ಒಣಹುಲ್ಲಿನ ಹಳದಿಗೆ ತಿರುಗಿದರೆ ಹದ ಸರಿಯಾಗಿದೆ. 80ಸಿಆರ್‌ವಿ2ರಲ್ಲಿ ಇದು ರಾಕ್‌ವೆಲ್ ಸಿ ಮಾಪನದಲ್ಲಿ 60ರ ಆಸುಪಾಸಿನ ಗಡಸುತನ.

ಬಾಯಿ ತೆಗೆಯುವುದು

ಇಲ್ಲಿಂದ ಮುಂದೆ ಉಕ್ಕಿಗೆ ಕಾವು ತಗುಲಬಾರದು. ವಿದ್ಯುತ್ ಸಾಣೆ ಬಳಸುವವರು ಪ್ರತಿ ಎಳೆತಕ್ಕೂ ಅಲಗನ್ನು ನೀರಿಗೆ ಅದ್ದಬೇಕು. ಬಾಯಿಯಲ್ಲಿ ನೀಲಿ ಬಣ್ಣ ಕಂಡಿತೆಂದರೆ ಅಷ್ಟು ಭಾಗದ ಹದ ಹೋಯಿತು. ನಾನು ಶಿಫಾರಸು ಮಾಡುವುದು ಚಪ್ಪಟೆ ಸಾಣೆಕಲ್ಲನ್ನು. 220 ಗ್ರಿಟ್‌ನ (ಈ ಅಂಕಿ ಹೆಚ್ಚಿದಷ್ಟೂ ಕಲ್ಲು ನುಣುಪು) ಒರಟು ಕಲ್ಲನ್ನು ನೆನೆಸಿ, ಅಲಗನ್ನು ಬದಿಯ ಮೇಲೆ ಮಲಗಿಸಿ, ಬಾಯಿಯ ಕಡೆಗೆ ನಿಧಾನವಾಗಿ ವಾಲಿಸಿದರೆ ಓರೆಯು ಕಲ್ಲಿಗೆ ತಾಗಿ ನಿಂತದ್ದು ಬೆರಳಿಗೆ ತಿಳಿಯುತ್ತದೆ. ಒತ್ತುವ ಬೆರಳು ಓರೆಯ ನೇರಕ್ಕೆ ಮೇಲೆಯೇ ಇರಲಿ. ಉಳಿಸಿದ್ದ 0.6 ಮಿಲಿಮೀಟರ್ ಪೂರ್ತಿ ಕರಗಿ, ಆಚೆ ಬದಿಗೆ ಉದ್ದಕ್ಕೂ ಸಣ್ಣ ಮುಳ್ಳು, ಅಂದರೆ ಬೆರಳಿಗೆ ತಗಲುವ ಉಕ್ಕಿನ ತೆಳು ಅಂಚು, ಎದ್ದ ಮೇಲೆ 400, 1000, ಕೊನೆಗೆ 4000ರ ಕಲ್ಲಿಗೆ ಬನ್ನಿ. ಒರಟು ಕಲ್ಲಿನ ಗೀರು ಪೂರ್ತಿ ಅಳಿಯದೆ ನುಣುಪು ಕಲ್ಲಿಗೆ ಹೋದರೆ ಹೊತ್ತು ವ್ಯರ್ಥ. ಕಲ್ಲು ನಡುವೆ ತಗ್ಗಾದರೆ ಓರೆ ಉಬ್ಬುತ್ತದೆ, ಹಾಗಾಗಿ ಕಲ್ಲನ್ನೂ ಆಗಾಗ ಸಮತಟ್ಟು ಮಾಡಿಕೊಳ್ಳಬೇಕು. ಮೆದು ಮರಕ್ಕೆ ಓರೆ ಬಾಯಿಯವರೆಗೂ ಇಳಿದರೆ ಉತ್ತಮ. ಹುಣಸೆ, ಜಾಲಿಯಂತಹ ಗಟ್ಟಿ ಮರವನ್ನು ಕೆತ್ತುವವರು ಕೊನೆಯ ಕಲ್ಲಿನಲ್ಲಿ ಕೋನವನ್ನು ತುಸು ಎತ್ತಿ ಎರಡು ಮೂರು ಸಲ ಹಗುರವಾಗಿ ಎಳೆದರೆ ಬಾಯಿ ಮುಕ್ಕಾಗುವುದಿಲ್ಲ.

ಹಿಡಿ

ಪುಕ್ಕೊವಿನ ಹಿಡಿಗಳಲ್ಲಿ ನನಗೆ ಅತ್ಯಂತ ಜಾಣತನದ್ದಾಗಿ ಕಾಣುವುದು ಭೂರ್ಜ ಮರದ ತೊಗಟೆಯದು. ಬೇಸಿಗೆಯ ನಡುವೆ, ಮರದಲ್ಲಿ ರಸ ಏರಿದಾಗ ಸುಲಭವಾಗಿ ಬಿಡುವ ತೊಗಟೆಯನ್ನು ತೆಗೆದು, ಭಾರದಡಿ ಒಣಗಿಸಿ, ಚೌಕ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ನಡುವೆ ಬಾಲ ಹೋಗುವಷ್ಟು ಸೀಳು ಮಾಡಿ, ಒಂದರ ಮೇಲೊಂದು ಪೋಣಿಸುತ್ತಾರೆ. ತೊಗಟೆಯ ದಪ್ಪಕ್ಕೆ ತಕ್ಕಂತೆ ಒಂದು ಹಿಡಿಗೆ ಹಲವು ಡಜನ್ ತುಂಡುಗಳು ಬೇಕು. ಎಳೆಗಳ ದಿಕ್ಕು ಒಂದಕ್ಕೊಂದು ಅಡ್ಡ ಬರುವಂತೆ ತಿರುಗಿಸುತ್ತ ಪೋಣಿಸಿ, ಬಿಗಿಯಾಗಿ ಅದುಮಿ ಹಿಡಿದರೆ ಅಂಟಿನ ಅಗತ್ಯವೂ ಬೀಳುವುದಿಲ್ಲ. ಕೊರೆವ ಚಳಿಯಲ್ಲಿ ಈ ಹಿಡಿ ಕೈಗೆ ತಣ್ಣಗೆ ತಾಗುವುದಿಲ್ಲ, ಒದ್ದೆಯಾದರೂ ಜಾರುವುದಿಲ್ಲ. ನಮ್ಮಲ್ಲಿ ಭೂರ್ಜ ಇರುವುದು ಹಿಮಾಲಯದ ಎತ್ತರದಲ್ಲಿ ಮಾತ್ರ, ಅಲ್ಲಿನ ಮರಗಳ ತೊಗಟೆ ಸುಲಿಯುವ ಯೋಚನೆಯನ್ನೇ ಮಾಡಬಾರದು. ತೊಗಟೆಯ ಬದಲಿಗೆ ದಪ್ಪ ಚರ್ಮದ ತುಂಡುಗಳನ್ನು ಇದೇ ರೀತಿ ಪೋಣಿಸಬಹುದು. ಜಿಂಕೆ, ಕಡವೆಗಳ ಕೊಂಬು ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಒಳಪಡುವುದರಿಂದ ಸಾಮಿ ಚಾಕುಗಳ ಹಿಮಸಾರಂಗದ ಕೊಂಬಿಗೆ ಬದಲಾಗಿ ಅದನ್ನು ಬಳಸುವಂತಿಲ್ಲ.

ಮೊದಲ ಚಾಕುವಿಗೆ ಚೆನ್ನಾಗಿ ಒಣಗಿದ ಹಲಸಿನದೋ ತೇಗದ್ದೋ ತುಂಡು ಸಾಕು. ಅಲಗಿನ ಕಡೆಗೆ 4 ಮಿಲಿಮೀಟರ್ ದಪ್ಪದ ಹಿತ್ತಾಳೆ ತಟ್ಟೆ ಬೇಕು. ಅದರಲ್ಲಿ ಸಾಲಾಗಿ ಮೂರು ಸಣ್ಣ ತೂತು ಕೊರೆದು, ಸೂಜಿ ಅರದಿಂದ ಅವನ್ನು ಒಂದಾಗಿಸಿ, ಬಾಲಕ್ಕೆ ತೂರಿಸಿ ನೋಡುತ್ತ ಸ್ವಲ್ಪ ಸ್ವಲ್ಪವೇ ಅಗಲಿಸಿ. ಭುಜಕ್ಕೆ 2 ಮಿಲಿಮೀಟರ್ ಇರುವಾಗ ತಟ್ಟೆ ಬಿಗಿಯಬೇಕು. ಆಗ ಬಾಲದ ಮೇಲಿಂದ ಕೊಳವೆಯ ತುಂಡೊಂದನ್ನು ತೊಡಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಭುಜದವರೆಗೆ ಕೂರಿಸಿ. ಚಾಕುವನ್ನು ಕಿಟಕಿಗೆ ಹಿಡಿದು ನೋಡಿದಾಗ ಅಲಗು ಮತ್ತು ತಟ್ಟೆಯ ನಡುವೆ ಬೆಳಕಿನ ಗೆರೆ ಕಾಣಬಾರದು. ಆ ಸಂದಿನಲ್ಲಿ ನೀರು ಇಳಿದರೆ ತುಕ್ಕು ಒಳಗಿನಿಂದಲೇ ಬಾಲವನ್ನು ತಿನ್ನುತ್ತದೆ.

ಮರದ ತುಂಡಿನಲ್ಲಿ ಎರಡು ತೂತುಗಳನ್ನು ಉದ್ದಕ್ಕೆ ಕೊರೆದು, ಹ್ಯಾಕ್ಸಾ ಅಲಗಿನ ತುಂಡಿನಿಂದ ನಡುವಿನ ಭಾಗ ಕೆತ್ತಿ, ಬಾಲ ಸಡಿಲವಿಲ್ಲದೆ ಇಳಿಯುವಂತೆ ಮಾಡಿ. ಒಳಗೆ ಎಪಾಕ್ಸಿ ಸವರಿ ಸೇರಿಸಿ. ಹಿಂಬದಿಯಲ್ಲಿ ವಜ್ರಾಕೃತಿಯ ಚಿಕ್ಕ ಹಿತ್ತಾಳೆ ಬಿಲ್ಲೆಯಿಂದ ಹೊರಬಂದ ಬಾಲದ ತುದಿಯನ್ನು 2 ಮಿಲಿಮೀಟರ್‌ಗೆ ಕತ್ತರಿಸಿ, ಸಣ್ಣ ಸುತ್ತಿಗೆಯ ದುಂಡು ಬದಿಯಿಂದ ಸುತ್ತಲೂ ಹಗುರವಾಗಿ ಬಡಿದು ಅಣಬೆಯಂತೆ ಅರಳಿಸಬೇಕು. ಜೋರಾಗಿ ಹೊಡೆದರೆ ಬಾಲ ಒಳಗೆ ಬಾಗಿ ಮರ ಸೀಳುತ್ತದೆ. ಬಾಲ ಮೆತ್ತಗಿರಬೇಕೆಂದು ಹೇಳಿದ್ದು ಈ ಕೆಲಸಕ್ಕಾಗಿಯೇ.

ಹಿಡಿಯ ಅಡ್ಡಕೊಯ್ತ ಮೊಟ್ಟೆಯಾಕಾರದಲ್ಲಿರಲಿ, ಕತ್ತಲಲ್ಲೂ ಬಾಯಿ ಯಾವ ಕಡೆಗಿದೆಯೆಂದು ಅಂಗೈಗೆ ತಿಳಿಯುತ್ತದೆ. ಎತ್ತರ 27, ದಪ್ಪ 20 ಮಿಲಿಮೀಟರ್ ಇಟ್ಟು, ನಡುವೆ ತುಸು ಉಬ್ಬಿಸಿ, ಎರಡೂ ತುದಿಗೆ ಇಳಿಸಿ. ಬೆರಳುಗಳಿಗೆಂದು ಗುಳಿ ತೋಡಬೇಡಿ. ಮರಗೆಲಸದಲ್ಲಿ ಹಿಡಿತ ಗಳಿಗೆಗೊಮ್ಮೆ ಬದಲಾಗುತ್ತದೆ, ಗುಳಿಗಳು ಒಂದೇ ಹಿಡಿತಕ್ಕೆ ಕೈಯನ್ನು ಕಟ್ಟಿಹಾಕುತ್ತವೆ. ಕೊನೆಗೆ ಕುದಿಸಿದ ಅಗಸೆ ಎಣ್ಣೆಯನ್ನು ದಿನಕ್ಕೊಮ್ಮೆ, ತೆಳುವಾಗಿ, ಮೂರು ನಾಲ್ಕು ದಿನ ಹಚ್ಚಿ. ಆ ಎಣ್ಣೆಯ ಬಟ್ಟೆಯನ್ನು ಮುದುಡಿ ಎಸೆದರೆ ತಾನಾಗಿ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿ.

ಒರೆ

ಪುಕ್ಕೊಗೆ ಅಡ್ಡಪಟ್ಟಿ ಇಲ್ಲದ್ದರಿಂದ ಅದರ ಒರೆ ಅಲಗನ್ನಷ್ಟೇ ಅಲ್ಲದೆ ಹಿಡಿಯ ಅರ್ಧಕ್ಕಿಂತ ಹೆಚ್ಚು ಭಾಗವನ್ನೂ ನುಂಗಿ ಹಿಡಿಯುತ್ತದೆ. ಚಾಕು ಬೀಳದಂತೆ ಕಾಯುವುದು ಆ ಬಿಗಿತವೇ. ತೊಗರು ಹಾಕಿ ಹದಗೊಳಿಸಿದ 2 ಮಿಲಿಮೀಟರ್ ದಪ್ಪದ ಚರ್ಮವನ್ನು ನೀರಿನಲ್ಲಿ ನೆನೆಸಿ, ಅಲಗಿಗೆ ತೆಳು ಮರದ ಎರಡು ಹೋಳುಗಳ ಒಳಗೂಡನ್ನು ತೊಡಿಸಿ, ಚಾಕುವಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಚರ್ಮವನ್ನು ಸುತ್ತಲೂ ಎಳೆದು ಹಿಂಬದಿಯಲ್ಲಿ ಸೇರಿಸಿ. ಮೇಣ ಹಚ್ಚಿದ ನಾರಿನ ದಾರದ ಎರಡೂ ತುದಿಗೆ ಸೂಜಿ ಪೋಣಿಸಿ, ಒಂದೇ ತೂತಿನಿಂದ ಎರಡೂ ಕಡೆಗೆ ಹಾಯಿಸುತ್ತ ಹೊಲಿದರೆ ಒಂದು ಹೊಲಿಗೆ ಹರಿದರೂ ಉಳಿದವು ಬಿಚ್ಚುವುದಿಲ್ಲ. ಒದ್ದೆ ಇರುವಾಗಲೇ ಬೆರಳಿನಿಂದ ಹಿಡಿಯ ಸುತ್ತ ಒತ್ತಿ ಆಕಾರ ಕೊಟ್ಟು, ನೆರಳಿನಲ್ಲಿ ಎರಡು ದಿನ ಒಣಗಿಸಿ. ಸಾಮಿ ಒರೆಗಳ ಕೆತ್ತನೆ ಆ ಸಮುದಾಯದ ದುವೊಜ್ಜಿ ಕಲೆಗೆ ಸೇರಿದ್ದು. ರಚನೆಯನ್ನು ಕಲಿಯುವುದು ಸರಿ, ಅವರ ಚಿತ್ತಾರವನ್ನು ನಕಲು ಮಾಡಿ ಮಾರುವುದು ಸರಿಯಲ್ಲ.

ಫಿನ್ಲೆಂಡಿನಲ್ಲೇ ಇಂದು ಕೆಲಸದ ಕಾರಣವೋ ಒಪ್ಪಬಹುದಾದ ಬೇರೆ ಕಾರಣವೋ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಚಾಕು ಧರಿಸುವಂತಿಲ್ಲ. ನಾವೂ ಅದನ್ನು ತೋಟಕ್ಕೆ, ಕೆಲಸದ ಮೇಜಿಗೆ ಸೀಮಿತಗೊಳಿಸುವುದು ಒಳ್ಳೆಯದು. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಕಾರ್ಬನ್ ಉಕ್ಕಿನ ಅಲಗನ್ನು ಚರ್ಮದ ಒರೆಯೊಳಗೇ ಬಿಟ್ಟರೆ, ತೇವವೂ ತೊಗರೂ ಸೇರಿ ಕೆಲವೇ ದಿನಗಳಲ್ಲಿ ಕಪ್ಪು ಕಲೆ, ಆಮೇಲೆ ತುಕ್ಕು ಮೂಡಿಸುತ್ತವೆ. ಬಳಸಿದ ಮೇಲೆ ಒರೆಸಿ, ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ, ಚಾಕುವನ್ನೂ ಒರೆಯನ್ನೂ ಬೇರೆಬೇರೆಯಾಗಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ, ಗಾಳಿಯಾಡುವ ಕಡೆ ಇಡಿ.